ಖಳನಾಯಕಿಯನ್ನು ನೋಡುವ ಬಗೆ: ಕ್ಯಾಥರಿನ್ ಪಿಯರ್ಸ್‌ಳಿಂದ ಕಲಿತದ್ದು

ಕಿರುತೆರೆಗೆ ಚಿತ್ರಕಥೆ, ಸಂಭಾಷಣೆ ಬರೆಯುವುದು ನನ್ನ ಕಸುಬು. ಈ ಕಸುಬಿನಲ್ಲಿ ನಾಯಕಿಯನ್ನು ಹೇಗೋ ದಡ ಸೇರಿಸಬಹುದು. ನೋಡುವವರ ಮನಸ್ಸು ಮೊದಲೇ ಅವಳ ಪರವಾಗಿ ನಿಂತಿರುತ್ತದೆ. ಖಳನಾಯಕಿಗೆ ಆ ಅನುಕೂಲ ಇಲ್ಲ. ಜನ ಅವಳನ್ನು ಬೈಯಬೇಕು, ಬೈಯುತ್ತಲೇ ಅವಳು ಬರುವ ಸೀನಿಗಾಗಿ ಕಾಯಬೇಕು. ಇವೆರಡನ್ನೂ ಒಟ್ಟಿಗೆ ಗಿಟ್ಟಿಸಿಕೊಂಡ ಪಾತ್ರಗಳು ಯಾವ ಭಾಷೆಯ ಟಿವಿಯಲ್ಲೂ ಹೆಚ್ಚಿಲ್ಲ. ನಾನು ಮತ್ತೆ ಮತ್ತೆ ಹೋಗಿ ನೋಡುವ ಅಂಥ ಒಂದು ಪಾತ್ರ, ಅಮೆರಿಕದ ‘ದಿ ವ್ಯಾಂಪೈರ್ ಡೈರೀಸ್’ ಧಾರಾವಾಹಿಯ ಕ್ಯಾಥರಿನ್ ಪಿಯರ್ಸ್.

ನೋಡದವರಿಗಾಗಿ ಎರಡು ಮಾತು. ಎಲ್. ಜೆ. ಸ್ಮಿತ್ ಅವರ ಕಾದಂಬರಿ ಸರಣಿಯನ್ನು ಆಧರಿಸಿ ಕೆವಿನ್ ವಿಲಿಯಮ್‌ಸನ್ ಮತ್ತು ಜೂಲಿ ಪ್ಲೆಕ್ ಕಟ್ಟಿದ ಈ ಧಾರಾವಾಹಿ ದಿ ಸಿಡಬ್ಲ್ಯು ವಾಹಿನಿಯಲ್ಲಿ 2009ರ ಸೆಪ್ಟೆಂಬರ್‌ನಿಂದ 2017ರ ಮಾರ್ಚ್‌ವರೆಗೆ ಎಂಟು ಸೀಸನ್, 171 ಕಂತು ಬಂತು. ವರ್ಜೀನಿಯಾದ ಮಿಸ್ಟಿಕ್ ಫಾಲ್ಸ್ ಎಂಬ ಕಲ್ಪಿತ ಊರು. ಅಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಎಲೆನಾ ಗಿಲ್ಬರ್ಟ್ ಎಂಬ ಹೈಸ್ಕೂಲ್ ಹುಡುಗಿ. ಅವಳ ಬದುಕಿನೊಳಗೆ ಬರುವ ಇಬ್ಬರು ವ್ಯಾಂಪೈರ್ ಸೋದರರು: ಅಣ್ಣ ಡೇಮನ್, ತಮ್ಮ ಸ್ಟೆಫಾನ್. ಇವರಿಬ್ಬರೂ 1864ರಲ್ಲಿ ಒಬ್ಬಳೇ ಹೆಣ್ಣನ್ನು ಪ್ರೀತಿಸಿದ್ದರು. ಅವಳೇ ಕ್ಯಾಥರಿನ್. ಎಲೆನಾ ಅವಳ ತದ್ರೂಪಿ. ಎರಡೂ ಪಾತ್ರ ಮಾಡಿದವರು ನೀನಾ ಡೊಬ್ರೆವ್.

ಕ್ಯಾಥರಿನ್‌ಳ ಸೀನುಗಳನ್ನು ಬಿಚ್ಚಿ ನೋಡುತ್ತ, ಹೊಸದಾಗಿ ಬರೆಯಲು ಬರುವವರಿಗೆ ತೋರಿಸುತ್ತ ನನ್ನಲ್ಲಿ ಗಟ್ಟಿಯಾದ ಕೆಲವು ಪಾಠಗಳು ಇಲ್ಲಿವೆ. ಕಥೆಯ ತಿರುವುಗಳನ್ನೆಲ್ಲ ಹೇಳಿಬಿಟ್ಟಿದ್ದೇನೆ. ಹೇಳದೆ ಅವಳ ಕುಶಲತೆಯನ್ನು ಮಾತಾಡಲು ಆಗುವುದಿಲ್ಲ.

1. ಅವಳಿಗಿಂತ ಮೊದಲು ಅವಳ ಹೆಸರು ಬರಲಿ.

ಮೊದಲ ಕಂತಿನಲ್ಲಿ ಕ್ಯಾಥರಿನ್ ಇರುವುದು ಸ್ಟೆಫಾನ್ ಬಳಿಯ ಒಂದು ಹಳೆಯ ಭಾವಚಿತ್ರದಲ್ಲಿ ಮಾತ್ರ. ಅದರ ಮೇಲೆ ಅವಳ ಹೆಸರು, 1864 ಎಂಬ ಇಸವಿ. ಮುಖ ಮಾತ್ರ ನಾವು ಅದುವರೆಗೆ ನೋಡುತ್ತಿದ್ದ ಎಲೆನಾಳದು. ಆಮೇಲೆ ಆರನೇ ಕಂತಿನ ಫ್ಲ್ಯಾಶ್‌ಬ್ಯಾಕ್‌ವರೆಗೆ ಅವಳ ಸುಳಿವಿಲ್ಲ. ಆದರೆ ಅವಳ ಹೆಸರು ಎತ್ತಿದಾಗಲೆಲ್ಲ ಅಣ್ಣ ತಮ್ಮಂದಿರ ಮುಖ ಬಿಗಿಯುತ್ತದೆ, ಒಬ್ಬ ಮಾತು ಮರೆಸುತ್ತಾನೆ, ಇನ್ನೊಬ್ಬ ಕೆರಳುತ್ತಾನೆ. ಬಾರದವಳನ್ನು ನಾವು ಇವರ ಮುಖಗಳಲ್ಲಿ ನೋಡುತ್ತ ಹೋಗುತ್ತೇವೆ.

ಮೊದಲ ಸೀಸನ್ನಿನುದ್ದಕ್ಕೂ ಡೇಮನ್ ಓಡುವುದು ಒಂದು ಸಮಾಧಿಯ ಕಡೆಗೆ. 1864ರಲ್ಲಿ ಊರಿನವರು ವ್ಯಾಂಪೈರ್‌ಗಳನ್ನು ಚರ್ಚಿನಲ್ಲಿ ಕೂಡಿಹಾಕಿ ಬೆಂಕಿ ಇಟ್ಟಾಗ, ಮಾಟ ಬಲ್ಲ ಎಮಿಲಿ ಬೆನೆಟ್ ಅವರನ್ನು ಚರ್ಚಿನ ಕೆಳಗಿನ ಸಮಾಧಿಯಲ್ಲಿ ಮಂತ್ರಕಟ್ಟು ಹಾಕಿ ಉಳಿಸಿರುತ್ತಾಳೆ. ಕ್ಯಾಥರಿನ್ ಅಲ್ಲೇ ಇದ್ದಾಳೆಂದು ನಂಬಿ ಡೇಮನ್ 145 ವರ್ಷ ಕಾದಿದ್ದಾನೆ. ಹದಿನಾಲ್ಕನೇ ಕಂತಿನಲ್ಲಿ ಸಮಾಧಿಯ ಬಾಗಿಲು ತೆರೆಯುತ್ತದೆ. ಅವಳು ಅಲ್ಲಿಲ್ಲ, ಎಂದೂ ಇರಲಿಲ್ಲ. ಡೇಮನ್ ಎಲ್ಲಿದ್ದಾನೆಂದು ಗೊತ್ತಿದ್ದೂ ಅವಳು ಒಮ್ಮೆಯೂ ಬಂದು ನೋಡಿರಲಿಲ್ಲ.

ಆ ಖಾಲಿ ಸಮಾಧಿಯ ಸೀನನ್ನು ನಾನು ಬರೆಯುವವರಿಗೆಲ್ಲ ತೋರಿಸುತ್ತೇನೆ. ತೆರೆಯ ಮೇಲೆ ಅವಳಿಲ್ಲ, ಅವಳದೊಂದು ಮಾತಿಲ್ಲ. ಆದರೂ ಅವಳು ಎಂಥವಳು ಎಂಬುದು ಅಲ್ಲಿ ಪೂರ್ತಿ ಗೊತ್ತಾಗುತ್ತದೆ. ನಮ್ಮ ಧಾರಾವಾಹಿಗಳಲ್ಲಿ ಖಳನಾಯಕಿ ಮೊದಲ ದಿನವೇ ಮಹಡಿಯ ಮೆಟ್ಟಿಲು ಇಳಿದು ಬರುತ್ತಾಳೆ. ಸ್ಲೋ ಮೋಷನ್ ಇರುತ್ತದೆ, ಹಿನ್ನೆಲೆ ಸಂಗೀತ ಇರುತ್ತದೆ, ಬಂದವಳೇ ನಾನು ಇಂಥವಳು ಎಂದು ಹೇಳಿಯೂ ಬಿಡುತ್ತಾಳೆ. ಹಾಗೆ ಬಂದವಳಿಗೆ ಎರಡನೇ ವಾರದಿಂದ ಹೊಸದಾಗಿ ತೋರಿಸಲು ಏನೂ ಉಳಿಯುವುದಿಲ್ಲ. ಚಾನೆಲ್‌ನವರಿಗೆ ಆರಂಭದ ವಾರದ ಟಿಆರ್‌ಪಿ ಮುಖ್ಯ, ಅದು ನನಗೆ ಗೊತ್ತು. ಆದರೂ ಭಾವಚಿತ್ರವೊಂದು ಗೋಡೆಯ ಮೇಲೆ ಕೆಲವು ವಾರ ಇರಲಿ ಎಂದು ಮೀಟಿಂಗುಗಳಲ್ಲಿ ಈಗಲೂ ವಾದಿಸುತ್ತೇನೆ.

2. ಅಲೌಕಿಕದ ನಿಯಮ ಮನೆಯ ಬಾಗಿಲಲ್ಲಿ ಕೆಲಸ ಮಾಡಬೇಕು.

ಮೊದಲ ಸೀಸನ್ನಿನ ಕೊನೆಯ ಕಂತು ‘ಫೌಂಡರ್ಸ್ ಡೇ’. ರಾತ್ರಿ, ಎಲೆನಾಳ ಮನೆಯ ಜಗಲಿ. ಡೇಮನ್ ಎಲೆನಾಳಿಗೆ ಮುತ್ತು ಕೊಡುತ್ತಾನೆ. ಬಾಗಿಲು ತೆರೆದ ಚಿಕ್ಕಮ್ಮ ಜೆನ್ನಾ, ಹೊತ್ತಾಯಿತು ಒಳಗೆ ಬಾ ಎಂದು ಗದರುವ ದನಿಯಲ್ಲಿ ಕರೆಯುತ್ತಾಳೆ. ಹುಡುಗಿ ಒಳಗೆ ಹೋಗುತ್ತಾಳೆ. ಅಡುಗೆಮನೆಯಲ್ಲಿ ಎಲೆನಾಳ ಚಿಕ್ಕಪ್ಪ ಜಾನ್ ಗಿಲ್ಬರ್ಟ್ ನಿಂತಿದ್ದಾನೆ. ಅವಳು ಚಾಕು ಎತ್ತಿ ಅವನ ಬೆರಳು ಕತ್ತರಿಸುತ್ತಾಳೆ, ಆಮೇಲೆ ಅವನನ್ನೇ ಇರಿಯುತ್ತಾಳೆ. ಬಂದದ್ದು ಎಲೆನಾ ಅಲ್ಲ, ಕ್ಯಾಥರಿನ್.

ಈ ಧಾರಾವಾಹಿಯಲ್ಲಿ ಮನೆಯವರು ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವಂತಿಲ್ಲ. ಈ ನಿಯಮವನ್ನು ಮೊದಲಿನಿಂದಲೂ ಎಷ್ಟೋ ಸಲ ನಮಗೆ ನೆನಪಿಸಿರುತ್ತಾರೆ. ಇಲ್ಲಿ ಆ ಕರೆ ಯಾವ ಮಂತ್ರದಿಂದಲೂ ಬರಲಿಲ್ಲ, ರಾತ್ರಿ ತಡವಾಗಿ ಬಂದ ಮಗಳಿಗೆ ಯಾವ ಮನೆಯಲ್ಲಾದರೂ ಕೇಳಿಬರುವ ಒಂದು ಮಾತಿನಿಂದ ಬಂತು. ಜೆನ್ನಾಳ ಅಕ್ಕರೆಯೇ ಬೀಗ ತೆಗೆಯಿತು. ಜಾನ್‌ನ ಬೆರಳಲ್ಲಿ ಅವನನ್ನು ಸಾವಿನಿಂದ ಕಾಯುವ ಉಂಗುರ ಇತ್ತು. ಚಾಕು ಮೊದಲು ಬಿದ್ದದ್ದು ಅಲ್ಲಿಗೆ. ಅವಳು ಕ್ರೂರಿ ಎಂಬುದಕ್ಕಿಂತ ಲೆಕ್ಕ ಬಲ್ಲವಳು ಎಂಬುದು ನನಗೆ ಆ ಒಂದೇ ಏಟಿನಲ್ಲಿ ಕಂಡಿತು.

ನಾಗಿಣಿ, ಮೋಹಿನಿ, ದೆವ್ವದ ಕಥೆ ಬರೆಯುವವರು ಇದನ್ನು ಗಮನಿಸಬೇಕು. ಶಕ್ತಿಗಳ ಪಟ್ಟಿ ಉದ್ದವಾದಷ್ಟೂ ಹೆದರಿಕೆ ತೆಳುವಾಗುತ್ತದೆ. ಒಂದೇ ನಿಯಮ ಇಟ್ಟುಕೊಂಡು ಅದನ್ನು ಬಾಗಿಲು, ಒಲೆ, ಕುಂಕುಮದ ಭರಣಿಯಂಥ ದಿನಬಳಕೆಯ ವಸ್ತುಗಳಿಗೆ ತಗಲಿಸಿದರೆ ನೋಡುವವರು ತಮ್ಮ ಮನೆಯ ಬಾಗಿಲನ್ನೂ ಒಮ್ಮೆ ತಿರುಗಿ ನೋಡುತ್ತಾರೆ.

3. ಅವಳಿಗೆ ಬೇಕಾದದ್ದು ಒಂದೇ ಇರಲಿ.

ಹೊಸಬರು ಬರೆದು ತರುವ ಖಳನಾಯಕಿಗೆ ಆಸ್ತಿ ಬೇಕು, ನಾಯಕ ಬೇಕು, ಮನೆಯ ಬೀಗದ ಕೈ ಬೇಕು, ಸೇಡು ಬೇಕು. ಇಷ್ಟೆಲ್ಲ ಬೇಕಾದವಳು ಕೊನೆಗೆ ಯಾವುದಕ್ಕಾಗಿ ಉಸಿರು ಬಿಡುತ್ತಾಳೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಕ್ಯಾಥರಿನ್‌ಗೆ ಬೇಕಾದದ್ದು ಬದುಕಿರುವುದು. ಅಷ್ಟೇ. ಅವಳು ಮಾಡುವ ಪ್ರತಿ ಕೆಲಸವನ್ನೂ ಹಿಡಿದು ಎಳೆದರೆ ದಾರದ ಇನ್ನೊಂದು ತುದಿ ಅಲ್ಲಿಗೇ ಹೋಗಿ ಸೇರುತ್ತದೆ. ಎರಡನೇ ಸೀಸನ್ನಿನ ‘ಕತೆರಿನಾ’ ಎಂಬ ಕಂತಿನಲ್ಲಿ ಅವಳ ಹಿಂದಿನ ಕಥೆ ಬರುತ್ತದೆ. 1473ರಲ್ಲಿ ಬಲ್ಗೇರಿಯಾದಲ್ಲಿ ಹುಟ್ಟಿದ ಕತೆರಿನಾ ಪೆಟ್ರೋವಾ ಅವಳು. ಮದುವೆಯಾಗದೆ ಹೆತ್ತಳೆಂದು ಅಪ್ಪ ಕೂಸನ್ನು ಕಿತ್ತುಕೊಂಡು ಕಳಿಸಿಬಿಡುತ್ತಾನೆ, ಅವಳನ್ನು ಮನೆಯಿಂದ ಹೊರಹಾಕುತ್ತಾನೆ. 1492ರಲ್ಲಿ ಇಂಗ್ಲೆಂಡಿನಲ್ಲಿ ಕ್ಲಾಸ್ ಎಂಬ ಪುರಾತನ ವ್ಯಾಂಪೈರ್ ಅವಳನ್ನು ಆದರದಿಂದ ಕಾಣುತ್ತಾನೆ. ಆದರದ ಹಿಂದಿನ ಗುಟ್ಟು ಆಮೇಲೆ ತಿಳಿಯುತ್ತದೆ: ಶಾಪ ಮುರಿಯಲು ಅವನಿಗೆ ಅವಳ ಬಲಿ ಬೇಕಾಗಿದೆ. ಬಲಿಗೆ ಮನುಷ್ಯಳ ರಕ್ತವೇ ಆಗಬೇಕು. ತಪ್ಪಿಸಿಕೊಂಡ ಹುಡುಗಿ ರೋಸ್ ಎಂಬ ವ್ಯಾಂಪೈರ್‌ಳ ರಕ್ತ ತನ್ನ ಮೈಗೆ ಸೇರುವಂತೆ ಮಾಡಿಕೊಂಡು ನೇಣು ಹಾಕಿಕೊಳ್ಳುತ್ತಾಳೆ. ಸತ್ತು ವ್ಯಾಂಪೈರ್ ಆಗಿ ಏಳುತ್ತಾಳೆ. ಇನ್ನು ಅವಳು ಕ್ಲಾಸ್‌ಗೆ ಕೆಲಸಕ್ಕೆ ಬಾರದವಳು. ಬದುಕುವುದಕ್ಕಾಗಿ ಸಾಯುವ ಈ ಉಪಾಯದಲ್ಲೇ ಅವಳ ಮುಂದಿನ ಐನೂರು ವರ್ಷ ಅಡಗಿದೆ. ಸಿಟ್ಟಿಗೆದ್ದ ಕ್ಲಾಸ್ ಅವಳ ಮನೆಯವರನ್ನೆಲ್ಲ ಕೊಂದುಹಾಕುತ್ತಾನೆ. ಊರಿಗೆ ಓಡಿಬಂದ ಮಗಳು ತಾಯಿಯ ಹೆಣ ಅಪ್ಪಿ ಅಳುತ್ತಾಳೆ. ಅದಾದ ಮೇಲೆ ಓಟ ಶುರು.

ಮೂಲ ಕಾದಂಬರಿಯಲ್ಲಿ ಕ್ಯಾಥರಿನ್ ಜರ್ಮನಿಯವಳು. ಸೋದರರು ಪುನರುಜ್ಜೀವನ ಕಾಲದ ಇಟಲಿಯವರು. ಧಾರಾವಾಹಿಯವರು ಸೋದರರನ್ನು ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ತಂದರು, ಕ್ಯಾಥರಿನ್‌ಳನ್ನು ಬಲ್ಗೇರಿಯಾಕ್ಕೆ ಒಯ್ದರು. ನೀನಾ ಡೊಬ್ರೆವ್ ಹುಟ್ಟಿದ್ದು ಅಲ್ಲಿನ ಸೋಫಿಯಾದಲ್ಲಿ, ಬೆಳೆದದ್ದು ಕೆನಡಾದಲ್ಲಿ. ಆ ಕಂತಿನಲ್ಲಿ ಅವರು ತಮ್ಮ ಮನೆಮಾತು ಬಲ್ಗೇರಿಯನ್ನಿನಲ್ಲೇ ಮಾತಾಡುತ್ತಾರೆ. ಉಳಿದೆಡೆ ಸದಾ ಹಿಡಿತದಲ್ಲಿರುವ ಅವಳ ದನಿ ಆ ಸೀನುಗಳಲ್ಲಿ ಮಾತ್ರ ಕಾವಲಿಲ್ಲದ ದನಿಯಾಗಿ ಕೇಳಿಸುತ್ತದೆ. ಭಾಷೆ ತಿಳಿಯದ ನನಗೂ ಅದು ಕೇಳಿಸಿತು.

ಇನ್ನೊಂದು ಸಣ್ಣ ವಿವರ ನನಗೆ ತುಂಬ ಇಷ್ಟ. ವ್ಯಾಂಪೈರ್‌ಗಳಿಗೆ ವರ್ವೇನ್ ಎಂಬ ಗಿಡ ವಿಷ. ಸ್ಟೆಫಾನ್ ಅವಳಿಗೆ ಅದನ್ನು ಕೊಟ್ಟು ಕಟ್ಟಿಹಾಕುತ್ತಾನೆ. ಅವಳು ಕಟ್ಟಿಸಿಕೊಂಡಂತೆ ಕೂತು, ಮಾತೆಲ್ಲ ಮುಗಿದ ಮೇಲೆ ಸಲೀಸಾಗಿ ಬಿಡಿಸಿಕೊಂಡು ಏಳುತ್ತಾಳೆ. 1864ರಲ್ಲಿ ಅದೇ ವಿಷದಿಂದ ಸಿಕ್ಕಿಬಿದ್ದ ಮೇಲೆ ಅವಳು 145 ವರ್ಷ ದಿನಾ ಒಂದೊಂದು ಗುಟುಕು ವರ್ವೇನ್ ಕುಡಿಯುತ್ತ ಬಂದಿದ್ದಾಳೆ, ಮೈಗೆ ಅಭ್ಯಾಸವಾಗಲೆಂದು. ಈ ಹಟ, ಈ ಶಿಸ್ತು ನೋಡಿ. ಡೇಮನ್ ಅದೇ 145 ವರ್ಷ ಅವಳಿಗಾಗಿ ಕಾಯುತ್ತಿದ್ದ. ಅವಳು ಆ ವರ್ಷಗಳನ್ನು ಮುಂದಿನ ಅಪಾಯಕ್ಕೆ ಸಿದ್ಧವಾಗಲು ಬಳಸಿದಳು. ಇಬ್ಬರ ಪ್ರೀತಿಯ ಅಂತರ ತೋರಿಸಲು ಇದಕ್ಕಿಂತ ನೇರವಾದ ದಾರಿ ನಾನು ಕಂಡಿಲ್ಲ.

4. ಮೈ ಬೇರೆಯಾಗದೆ ಪಾತ್ರ ಬೇರೆಯಾಗುವುದಿಲ್ಲ.

ದ್ವಿಪಾತ್ರವೆಂದರೆ ನಮಗೆ ಹೊಸದಲ್ಲ. ಒಳ್ಳೆಯವಳಿಗೆ ಎಣ್ಣೆ ಹಚ್ಚಿದ ಜಡೆ, ಕೆಟ್ಟವಳಿಗೆ ಬಿಚ್ಚುಗೂದಲು, ದಪ್ಪ ಕಾಡಿಗೆ, ಗಾಢ ಲಿಪ್‌ಸ್ಟಿಕ್. ಇಲ್ಲೂ ಅಂಥ ಗುರುತುಗಳಿವೆ. ಎಲೆನಾಳದು ನೇರ ಕೂದಲು, ಬಟ್ಟೆ ಸಾದಾ. ಕ್ಯಾಥರಿನ್‌ಳದು ಗುಂಗುರು ಕೂದಲು, ಎತ್ತರದ ಹಿಮ್ಮಡಿ, ಕಪ್ಪು ಜಾಕೆಟ್. ಆದರೆ ಈ ಗುರುತುಗಳನ್ನು ಕಟ್ಟಿಕೊಟ್ಟವರೇ ಬೇಕೆಂದಾಗ ಅವನ್ನು ಕಿತ್ತುಕೊಳ್ಳುತ್ತಾರೆ. ಕ್ಯಾಥರಿನ್ ಎಲೆನಾ ಆಗಿ ನಟಿಸುವಾಗ ಕೂದಲು ನೇರ, ಬಟ್ಟೆ ಎಲೆನಾಳದು. ಆಗ ನಟಿಗೆ ಉಳಿಯುವುದು ಕಣ್ಣು, ಕತ್ತು, ನಡಿಗೆ, ಉಸಿರು.

ಆ ಸೀನುಗಳನ್ನು ದನಿ ಮುಚ್ಚಿ ನೋಡಿ. ಎಲೆನಾ ಮಾತಾಡುವಾಗ ಹುಬ್ಬು ಕೂಡುತ್ತದೆ, ಎದುರಿನವರ ನೋವಿಗೆ ಮುಖ ತಾನಾಗಿ ಸ್ಪಂದಿಸುತ್ತದೆ. ಕ್ಯಾಥರಿನ್ ಎಲೆನಾಳ ವೇಷದಲ್ಲಿದ್ದಾಗ ಅದೇ ಸ್ಪಂದನ ಒಂದು ಕ್ಷಣ ತಡವಾಗಿ ಬರುತ್ತದೆ. ಮೊದಲು ನೋಡಿ, ಅಳೆದು, ಆಮೇಲೆ ಮುಖಕ್ಕೆ ತಂದುಕೊಂಡಂತೆ. ಎಲೆನಾ ಕೋಣೆಯೊಳಗೆ ಬಂದರೆ ಜನರ ಕಡೆ ನೋಡುತ್ತಾಳೆ. ಕ್ಯಾಥರಿನ್ ಬಾಗಿಲು ಎಲ್ಲಿದೆ ಎಂದು ನೋಡುತ್ತಾಳೆ. ಐನೂರು ವರ್ಷ ಓಡಿದವಳ ಕಣ್ಣು ಅದು. ಬರೆದವರು, ನಿರ್ದೇಶಕರು ಇದನ್ನು ಎಷ್ಟು ಯೋಚಿಸಿದ್ದರೋ, ನನ್ನ ಮಟ್ಟಿಗೆ ಇದು ನಟಿಯ ಗೆಲುವು.

ಕರಾವಳಿಯ ಯಕ್ಷಗಾನ ನೋಡಿ ಬೆಳೆದವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ಪಂಚವಟಿ ಪ್ರಸಂಗದಲ್ಲಿ ಘೋರ ಶೂರ್ಪನಖಿ ಬಣ್ಣದ ವೇಷ. ರಾಮನನ್ನು ಮೋಹಿಸಿ ಸುಂದರಿಯಾಗಿ ಬರುವಾಗ ಮಾಯಾ ಶೂರ್ಪನಖಿಯಾಗಿ ಸ್ತ್ರೀವೇಷದ ಕಲಾವಿದರು ರಂಗಕ್ಕೆ ಬರುತ್ತಾರೆ. ಒಂದು ಪಾತ್ರಕ್ಕೆ ಇಬ್ಬರು ಕಲಾವಿದರು. ಸ್ತ್ರೀವೇಷದವರು ಎಷ್ಟೇ ಲಾಲಿತ್ಯದಿಂದ ಕುಣಿದರೂ ಒಳಗಿನ ರಕ್ಕಸಿ ಒಂದು ಓರೆನೋಟದಲ್ಲೋ ಒಂದು ಬಿರುಸಾದ ಹೆಜ್ಜೆಯಲ್ಲೋ ಇಣುಕಲೇಬೇಕು, ಇಲ್ಲವಾದರೆ ಅದು ಬರೀ ಸುಂದರಿಯ ವೇಷವಾಗಿಬಿಡುತ್ತದೆ. ನೀನಾ ಮುಂದಿದ್ದ ಕೆಲಸವೂ ಅದೇ ಜಾತಿಯದು. ಅವರಿಗೆ ಬಣ್ಣದ ನೆರವೂ ಇರಲಿಲ್ಲ, ಇನ್ನೊಬ್ಬ ಕಲಾವಿದರ ನೆರವೂ ಇರಲಿಲ್ಲ.

ಐದನೇ ಸೀಸನ್ನಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಆಗ ಕ್ಯಾಥರಿನ್‌ಳ ಆತ್ಮ ಎಲೆನಾಳ ಮೈಯನ್ನೇ ಹೊಕ್ಕು ಕೂರುತ್ತದೆ. ಅದೇ ಸೀಸನ್ನಿನಲ್ಲಿ ಅಮಾರಾ ಎಂಬ ಮೂರನೇ ತದ್ರೂಪಿಯನ್ನೂ ನೀನಾ ಅವರೇ ಮಾಡಿದ್ದಾರೆ; ಎರಡು ಸಾವಿರ ವರ್ಷ ಕಲ್ಲಾಗಿದ್ದು ಬುದ್ಧಿ ಕಲಕಿಹೋದ ಹೆಣ್ಣು. ಮೂವರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಟನೆ ಕಲಿಯುವವರಿಗೆ ಒಂದು ತಿಂಗಳ ಪಾಠ ಅಲ್ಲಿದೆ.

5. ಯೋಜನೆಯನ್ನು ಅವಳ ಬಾಯಲ್ಲಿ ಹೇಳಿಸಬೇಡಿ.

ನಮ್ಮಲ್ಲಿ ಖಳನಾಯಕಿ ಕ್ಯಾಮೆರಾ ಕಡೆ ತಿರುಗಿ ಮನಸ್ಸಿನಲ್ಲೇ ಎಲ್ಲ ಹೇಳಿಬಿಡುವ ರೂಢಿ ಇದೆ. ಅಡುಗೆ ಮಾಡುತ್ತ ಟಿವಿ ಕೇಳಿಸಿಕೊಳ್ಳುವವರಿಗೆ ಅದು ಅನುಕೂಲ, ನಾನೂ ಅದನ್ನು ಹಗುರಾಗಿ ಕಾಣುವುದಿಲ್ಲ. ಆದರೆ ಕ್ಯಾಥರಿನ್‌ಳ ಮಾತು ಚಿಕ್ಕದು. ಎರಡನೇ ಸೀಸನ್ನಿನಲ್ಲಿ ಅವಳು ಒಂದು ಚಂದ್ರಶಿಲೆಯನ್ನೂ ಒಬ್ಬ ತೋಳಮನುಷ್ಯನನ್ನೂ ಒಬ್ಬ ಹೊಸ ವ್ಯಾಂಪೈರನ್ನೂ ಏಕೆ ಸೇರಿಸುತ್ತಿದ್ದಾಳೆ ಎಂದು ಹಲವು ಕಂತು ಕಳೆದರೂ ನಮಗೆ ತಿಳಿಯುವುದಿಲ್ಲ. ಅವೆಲ್ಲ ಕ್ಲಾಸ್‌ನ ಬಲಿಪೂಜೆಯ ಸಾಮಗ್ರಿ, ಎಲೆನಾಳನ್ನೂ ಸೇರಿಸಿ ಅವನಿಗೊಪ್ಪಿಸಿ ತನ್ನ ತಲೆ ಉಳಿಸಿಕೊಳ್ಳುವ ಲೆಕ್ಕ ಎಂದು ತಿಳಿಯುವಾಗ ಅದುವರೆಗಿನ ಸೀನುಗಳೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತವೆ.

6. ಅವಳು ಮಾಡಿದ್ದು ಅಳಿಸಿಹೋಗಬಾರದು.

ಖಳನಾಯಕಿ ವಿಷ ಬೆರೆಸುತ್ತಾಳೆ, ಲೋಟ ಬದಲಾಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ವಾರದಿಂದ ವಾರಕ್ಕೆ ಹೀಗೇ ಆದರೆ ಅವಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ಎರಡನೇ ಸೀಸನ್ನಿನ ಮೊದಲ ಕಂತು 2010ರ ಸೆಪ್ಟೆಂಬರ್‌ನಲ್ಲಿ ಬಂತು. ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ ಕ್ಯಾರೊಲಿನ್ ಎಂಬ ಹುಡುಗಿ ಎಲೆನಾಳ ಗೆಳತಿ. ಗಾಯ ವಾಸಿಯಾಗಲೆಂದು ಡೇಮನ್ ತನ್ನ ರಕ್ತ ಕೊಟ್ಟಿರುತ್ತಾನೆ. ಕ್ಯಾಥರಿನ್ ಬಂದು ಸೋದರರಿಗೆ ಸವಾಲಿನ ಒಂದು ಮಾತು ಮುಟ್ಟಿಸಲು ಹೇಳಿ, ಅವಳ ಮುಖಕ್ಕೆ ದಿಂಬು ಒತ್ತಿಬಿಡುತ್ತಾಳೆ. ಮೈಯಲ್ಲಿ ವ್ಯಾಂಪೈರ್ ರಕ್ತ ಇದ್ದಾಗ ಸತ್ತವರು ವ್ಯಾಂಪೈರ್ ಆಗುತ್ತಾರೆ. ಮೊದಲ ಸೀಸನ್ನಿನಲ್ಲಿ ತನ್ನ ಚೆಲುವು, ತನ್ನ ಹುಡುಗರ ಆಚೆ ಯೋಚಿಸದಿದ್ದ ಕ್ಯಾರೊಲಿನ್ ಆಮೇಲೆ ಈ ಧಾರಾವಾಹಿಯ ಅತ್ಯಂತ ಗಟ್ಟಿ ಹೆಣ್ಣಾಗಿ ಬೆಳೆಯುತ್ತಾಳೆ. ಕೊನೆಯ ಕಂತಿನವರೆಗೂ ಇರುತ್ತಾಳೆ. ಒಂದು ದಿಂಬಿನಿಂದ ಏಳು ಸೀಸನ್ನಿನ ಪಾತ್ರವೊಂದು ಹುಟ್ಟಿತು. ಅದೇ ಸೀಸನ್ನಿನಲ್ಲಿ ಜೆನ್ನಾ ಅಡುಗೆಮನೆಯಲ್ಲಿ ತನ್ನ ಹೊಟ್ಟೆಗೆ ತಾನೇ ಚಾಕು ಚುಚ್ಚಿಕೊಳ್ಳುವಂತೆ ಕ್ಯಾಥರಿನ್ ವಶೀಕರಣ ಮಾಡುತ್ತಾಳೆ. ಒಳಗೆ ಬಾ ಎಂದು ಕರೆದಿದ್ದ ಅದೇ ಜೆನ್ನಾ. ನಾಲ್ಕನೇ ಸೀಸನ್ನಿನಲ್ಲಿ ಎಲೆನಾಳ ತಮ್ಮ ಜೆರೆಮಿಯನ್ನು ಸೈಲಸ್ ಎಂಬ ಪುರಾತನ ಮಾಂತ್ರಿಕನ ಬಾಯಿಗೆ ಒಡ್ಡಿ, ತನಗೆ ಬೇಕಾದ ಔಷಧಿ ಹೊತ್ತು ಹೊರಟುಬಿಡುತ್ತಾಳೆ.

ಅವಳನ್ನು ಮೆಚ್ಚುವವರು ಈ ಪಟ್ಟಿಯನ್ನು ಮರೆತು ಮೆಚ್ಚಬಾರದು ಎಂಬುದು ನನ್ನ ನಿಲುವು. ಸ್ಟೈಲು, ಮಾತಿನ ಚುರುಕು, ಹಿಮ್ಮಡಿಯ ಸದ್ದು ಇಷ್ಟಕ್ಕೇ ಅವಳನ್ನು ಇಳಿಸಿಬಿಟ್ಟರೆ ಅವಳಿಂದ ನೊಂದವರ ನೋವನ್ನೂ ಪಾತ್ರದ ತೂಕವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತೇವೆ.

7. ಸೋಲಲೂ ಬಿಡಿ, ಆದರೆ ಬುದ್ಧಿವಂತರ ಕೈಯಲ್ಲಿ.

ಮುಖವಾಡದ ಔತಣದ ಕಂತಿನಲ್ಲಿ ಎಲ್ಲರೂ ಸೇರಿ ಅವಳನ್ನು ಕೊಲ್ಲಲು ಹೊಂಚು ಹಾಕುತ್ತಾರೆ. ಗೂಟ ಚುಚ್ಚಿದರೆ ಅತ್ತ ಎಲೆನಾಳ ಮೈಯಲ್ಲಿ ರಕ್ತ ಚಿಮ್ಮುತ್ತದೆ. ಮಾಟದಿಂದ ಕ್ಯಾಥರಿನ್ ಇಬ್ಬರ ಮೈಗಳನ್ನೂ ಮೊದಲೇ ಬೆಸೆದಿಟ್ಟಿದ್ದಾಳೆ. ಗೆದ್ದಳು ಅನ್ನುವಷ್ಟರಲ್ಲಿ ಅವಳ ಜೊತೆ ಬಂದ ಮಾಟಗಾತಿಯೇ ತಿರುಗಿ ನಿಲ್ಲುತ್ತಾಳೆ, ಏಕೆಂದರೆ ಅವಳು ಎಲೆನಾಳ ಗೆಳತಿ ಬಾನಿಯ ವಂಶದವಳು. ಎಚ್ಚರ ಬರುವ ಹೊತ್ತಿಗೆ ಕ್ಯಾಥರಿನ್ ಅದೇ ಹಳೆಯ ಸಮಾಧಿಯೊಳಗೆ. 145 ವರ್ಷ ಅವಳು ಅಲ್ಲಿದ್ದಾಳೆಂದು ನಂಬಿಸಿದ್ದ ಜಾಗಕ್ಕೆ ಈಗ ನಿಜವಾಗಿ ಬಿದ್ದಿದ್ದಾಳೆ, ಬಾಗಿಲಲ್ಲಿ ನಿಂತವನು ಡೇಮನ್. ಕಥೆಯ ಹಳೆಯ ಸಾಲವನ್ನು ಬಡ್ಡಿ ಸಮೇತ ತೀರಿಸಿದ ಸೀನು ಇದು.

8. ಅವಳ ನೋವನ್ನು ಹೇಳಿ. ಕ್ಷಮೆ ಕೇಳಿಸಬೇಡಿ.

ಇದೇ ಅತ್ಯಂತ ಕಷ್ಟದ್ದು. ಟಿವಿಯಲ್ಲಿ ಖಳನಾಯಕಿ ಜನಪ್ರಿಯಳಾದ ಕೂಡಲೇ ಅವಳನ್ನು ಒಳ್ಳೆಯವಳನ್ನಾಗಿ ಮಾಡಿಬಿಡುವ ಒತ್ತಡ ಬರುತ್ತದೆ. ‘ಒನ್ಸ್ ಅಪಾನ್ ಎ ಟೈಮ್’ ಧಾರಾವಾಹಿಯಲ್ಲಿ ಲಾನಾ ಪರಿಯಾ ಮಾಡಿದ ರೆಜಿನಾ ಆ ದಾರಿಯಲ್ಲಿ ಬಹುದೂರ ನಡೆದಳು. ದುಷ್ಟ ರಾಣಿ ಕೊನೆಗೆ ಎಲ್ಲರ ಪ್ರೀತಿಯ ರಾಣಿಯಾದಳು. ಅದನ್ನು ಅವರು ವರ್ಷಗಟ್ಟಲೆ ತಾಳ್ಮೆಯಿಂದ ಕಟ್ಟಿದರು, ನನಗೆ ಅದರ ಮೇಲೆ ಗೌರವವಿದೆ. ಆದರೆ ಕ್ಯಾಥರಿನ್‌ಳನ್ನು ಬರೆದವರ ಹಾದಿ ನನಗೆ ಇನ್ನೂ ದಿಟ್ಟ ಅನಿಸುತ್ತದೆ.

‘ಕತೆರಿನಾ’ ಕಂತಿಗೆ ಹಿಂತಿರುಗೋಣ. ಎಲೆನಾ ಒಂದು ಪುಸ್ತಕ, ಸ್ವಲ್ಪ ರಕ್ತ ತೆಗೆದುಕೊಂಡು ಸಮಾಧಿಯ ಬಾಗಿಲಿಗೆ ಹೋಗುತ್ತಾಳೆ. ಹಸಿದು ಒಣಗಿದ ಕ್ಯಾಥರಿನ್ ಒಂದೊಂದು ಗುಟುಕಿಗೆ ಒಂದಿಷ್ಟು ಕಥೆ ಹೇಳುತ್ತಾಳೆ. ಕೂಸು ಕಳೆದುಕೊಂಡದ್ದು ಕೇಳಿ ನಮ್ಮ ಎದೆ ಕರಗುತ್ತದೆ. ಆದರೆ ಅದೇ ಕಥೆಯಲ್ಲಿ ರೋಸ್ ಮತ್ತು ಟ್ರೆವರ್ ಇದ್ದಾರೆ. ಟ್ರೆವರ್ ಅವಳ ಮೇಲಿನ ಪ್ರೀತಿಯಿಂದ ಅವಳಿಗೆ ತಪ್ಪಿಸಿಕೊಳ್ಳುವ ದಾರಿ ತೋರಿದವನು. ಅದರ ಫಲವಾಗಿ ಅವರಿಬ್ಬರೂ ಐನೂರು ವರ್ಷ ಕ್ಲಾಸ್‌ನಿಂದ ಅಡಗಿ ಬದುಕಬೇಕಾಯಿತು, ಟ್ರೆವರ್ ಕೊನೆಗೆ ತಲೆ ಕೊಟ್ಟ. ಇದಕ್ಕೆ ಅವಳು ಪಶ್ಚಾತ್ತಾಪ ಪಡುವುದಿಲ್ಲ. ತಾನು ಸಾಯುವುದೋ ಅವರು ಸಾಯುವುದೋ ಎಂದಾಗ ತನ್ನನ್ನು ಆರಿಸಿಕೊಂಡೆ ಎಂಬುದು ಅವಳ ನಿಲುವು, ಆ ನಿಲುವನ್ನು ಅವಳು ಮೆತ್ತಗೆ ಮಾಡುವುದಿಲ್ಲ. ಎಲೆನಾ ಕೂಡ ಮುಂದೆ ಅದೇ ಆಯ್ಕೆಯ ಮುಂದೆ ನಿಂತು ಬೇರೆಯವರಿಗಾಗಿ ತನ್ನನ್ನು ಕೊಡಲು ಹೊರಡುತ್ತಾಳೆ. ಒಂದೇ ಮುಖ, ಒಂದೇ ಗಂಡಾಂತರ, ಎರಡು ಉತ್ತರ. ತದ್ರೂಪಿಯ ಕಥೆಗೆ ಅರ್ಥ ಬರುವುದು ಇಲ್ಲಿ. ಬರೀ ಅದಲುಬದಲಿನ ಗೊಂದಲಕ್ಕಾಗಿ ದ್ವಿಪಾತ್ರ ಬರೆಯುವವರು ಈ ಅವಕಾಶವನ್ನು ಕೈಬಿಡುತ್ತಾರೆ.

ಹಾಗೆಂದು ಅವಳಲ್ಲಿ ಮೃದು ಗಳಿಗೆಗಳಿಲ್ಲವೇ? ಇವೆ. ಎರಡನೇ ಸೀಸನ್ನಿನ ಕೊನೆಯಲ್ಲಿ ತೋಳಮನುಷ್ಯನ ಕಡಿತದಿಂದ ಸಾಯುತ್ತಿದ್ದ ಡೇಮನ್‌ಗೆ ಮದ್ದು ತಂದುಕೊಡುವವಳು ಅವಳೇ. ಕೊಟ್ಟು, ಒಂದೆರಡು ಮಾತಾಡಿ, ನಿಲ್ಲದೆ ಹೊರಟುಹೋಗುತ್ತಾಳೆ. ಅದರ ಮೇಲೆ ಒಂದು ಟ್ರ್ಯಾಕ್ ಕಟ್ಟದೆ ಬಿಟ್ಟದ್ದು ಬರೆದವರ ಸಂಯಮ.

9. ಅವಳು ಹೆದರಿದ್ದೇ ಅವಳಿಗೆ ಆಗಲಿ.

ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಹೊಡೆದಾಟದ ನಡುವೆ ಎಲೆನಾ ಆ ಔಷಧಿಯನ್ನು ಕ್ಯಾಥರಿನ್‌ಳ ಬಾಯಿಗೆ ತುರುಕುತ್ತಾಳೆ. ಅದು ವ್ಯಾಂಪೈರನ್ನು ಮನುಷ್ಯರನ್ನಾಗಿ ಮಾಡುವ ಔಷಧಿ. ಕೊಲ್ಲುವುದಕ್ಕಿಂತ ಇದು ಘೋರ. ಐನೂರು ವರ್ಷ ಸಾವಿನಿಂದ ಓಡಿದವಳ ಮೈಯೊಳಗೆ ಸಾವನ್ನೇ ಇಟ್ಟುಬಿಟ್ಟರು. ಐದನೇ ಸೀಸನ್ನಿನಲ್ಲಿ ಅವಳ ಕೂದಲು ಬೆಳ್ಳಗಾಗುತ್ತದೆ, ಹಲ್ಲು ಉದುರುತ್ತದೆ, ಎತ್ತರದ ಹಿಮ್ಮಡಿ ಮೆಟ್ಟಿ ನಡೆದ ಕಾಲು ಸೋಲುತ್ತದೆ. ಕನ್ನಡಿಯ ಮುಂದೆ ಅವಳು ನಿಂತ ಸೀನುಗಳನ್ನು ನೋಡುವಾಗ ನನಗೆ ಅವಳು ಮಾಡಿದ ಪಾಪಗಳ ಪಟ್ಟಿಯೂ ನೆನಪಿರುತ್ತದೆ, ಕಣ್ಣೂ ತುಂಬುತ್ತದೆ.

ಆ ಹೊತ್ತಿಗೆ ಸರಿಯಾಗಿ ನಾಡಿಯಾ ಬರುತ್ತಾಳೆ. ಬಲ್ಗೇರಿಯಾದಲ್ಲಿ ಕಿತ್ತುಕೊಂಡಿದ್ದ ಆ ಕೂಸು, ಈಗ ವ್ಯಾಂಪೈರ್, ತಾಯಿಯನ್ನು ಶತಮಾನಗಳಿಂದ ಹುಡುಕಿದವಳು. 2014ರ ಜನವರಿಯಲ್ಲಿ ಬಂದ ನೂರನೇ ಕಂತಿನಲ್ಲಿ ಕ್ಯಾಥರಿನ್ ಹಾಸಿಗೆ ಹಿಡಿದಿದ್ದಾಳೆ. ಕೆಳಗೆ ಉಳಿದವರೆಲ್ಲ ಕುಡಿಯುತ್ತ ಅವಳು ಮಾಡಿದ ಅನ್ಯಾಯಗಳನ್ನು ಒಂದೊಂದಾಗಿ ನೆನೆಯುತ್ತಾರೆ. ಡೇಮನ್ ಅವಳ ಕನಸಿನೊಳಗೆ ಹೊಕ್ಕು ಹಿಂಸಿಸುತ್ತಾನೆ, ಸ್ಟೆಫಾನ್ ಅದೇ ಕನಸಿನೊಳಗೆ ಬಂದು ಸಾಂತ್ವನ ಕೊಡುತ್ತಾನೆ, ಎಲೆನಾ ಕ್ಷಮಿಸುತ್ತೇನೆ ಎನ್ನುತ್ತಾಳೆ. ಒಂದು ಒಳ್ಳೆಯ ಸಾವಿಗೆ ಎಲ್ಲ ಸಿದ್ಧ. ಕ್ಯಾಥರಿನ್ ಆಗ ಏನು ಮಾಡುತ್ತಾಳೆ? ಕ್ಷಮಿಸಿದ ಎಲೆನಾಳ ಮೈಯನ್ನೇ ಹೊಕ್ಕುಬಿಡುತ್ತಾಳೆ. ಬರೆಯುವವಳಾಗಿ ನಾನು ಆ ತಿರುವಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಕ್ಷಮೆಯ ಸೀನು ಬರೆದ ಮೇಲೂ ಪಾತ್ರಕ್ಕೆ ನಿಷ್ಠರಾಗಿ ಉಳಿಯುವುದು ಸುಲಭವಲ್ಲ.

ಅದಾದ ಕೆಲವು ಕಂತುಗಳಿಗೆ ನಾಡಿಯಾ ತೋಳಮನುಷ್ಯನ ಕಡಿತದಿಂದ ಸಾಯುತ್ತಿರುತ್ತಾಳೆ. ಕ್ಯಾಥರಿನ್ ಹೋದರೆ ಸಿಕ್ಕಿಬೀಳುತ್ತಾಳೆ, ಓಡಿದರೆ ಉಳಿಯುತ್ತಾಳೆ. ಅವಳು ಹೋಗುತ್ತಾಳೆ. ಮಗಳ ಮನಸ್ಸಿನೊಳಗೆ ಕೂತು, ತಾನು ಸಾಕಿದ್ದರೆ ಅವಳ ಒಂದು ದಿನ ಹೇಗಿರುತ್ತಿತ್ತು ಎಂದು ತೋರಿಸುತ್ತಾಳೆ. ಇಡೀ ಐನೂರು ವರ್ಷದಲ್ಲಿ ಅವಳು ಉಳಿವಿಗಿಂತ ಹೆಚ್ಚಾಗಿ ಇನ್ನೊಂದನ್ನು ಆರಿಸಿಕೊಂಡದ್ದು ಇದೊಂದನ್ನೇ ಎಂದು ನನ್ನ ಲೆಕ್ಕ. ಮಗಳು ಸಾಯುತ್ತಾಳೆ, ಸ್ಟೆಫಾನ್ ಚಾಕು ಹಾಕುತ್ತಾನೆ. ಪರಲೋಕಕ್ಕೆ ದಾಟಿಸಬೇಕಾದ ಬಾನಿಯ ಮುಂದೆ ನಿಂತರೆ ದಾರಿ ತೆರೆಯುವುದಿಲ್ಲ. ಕಾಣದ ಯಾವುದೋ ಅವಳನ್ನು ಕತ್ತಲೆಗೆ ಎಳೆದುಕೊಂಡು ಹೋಗುತ್ತದೆ. ತಾಯಿಯಾದಳೆಂದು ಕಥೆ ಅವಳಿಗೆ ರಿಯಾಯಿತಿ ಕೊಡಲಿಲ್ಲ.

10. ಎಲ್ಲಿಂದ ನೋಡಬೇಕು.

171 ಕಂತು ನೋಡುವಷ್ಟು ಸಮಯ ಎಲ್ಲರಿಗೂ ಇರುವುದಿಲ್ಲ. ಮೊದಲ ಸೀಸನ್ನಿನ ಮೊದಲ, ಆರನೇ, ಹದಿನಾಲ್ಕನೇ ಮತ್ತು ಕೊನೆಯ ಕಂತು ನೋಡಿ. ಎರಡನೇ ಸೀಸನ್ನಿನ ಮೊದಲ ಒಂಬತ್ತನ್ನು ಬಿಡದೆ ನೋಡಿ; ಖಳನಾಯಕಿಯನ್ನು ಬರೆಯುವ ಪಠ್ಯಪುಸ್ತಕ ಅದು. ಆಮೇಲೆ ಐದನೇ ಸೀಸನ್ನಿನ ಹನ್ನೊಂದು ಮತ್ತು ಹದಿನೈದು. ನೀನಾ 2015ರಲ್ಲಿ ಆರನೇ ಸೀಸನ್ ಮುಗಿಸಿ ಹೊರಟರು, 2017ರ ಕೊನೆಯ ಕಂತಿಗಾಗಿ ಮರಳಿ ಬಂದರು. ಆ ಕಂತಿನಲ್ಲಿ ಕ್ಯಾಥರಿನ್ ನರಕದ ರಾಣಿಯಾಗಿ ಬಂದು ಊರನ್ನೇ ಸುಡಲು ಹೊರಡುತ್ತಾಳೆ. ನನಗೆ ಅದು ಸೇರಲಿಲ್ಲ. ಊರು ಸುಡುವುದು ಅವಳಿಗೆ ಯಾವತ್ತೂ ಬೇಕಾಗಿರಲಿಲ್ಲ, ಊರು ಸುಡುವಾಗ ಹಿಂಬಾಗಿಲಿನಿಂದ ಪಾರಾಗುವುದು ಬೇಕಾಗಿತ್ತು. ಆದರೂ ಆ ನಗು, ಆ ಗುಂಗುರು ಕೂದಲು ಮತ್ತೆ ತೆರೆಯ ಮೇಲೆ ಬಂದ ಮೊದಲ ನಿಮಿಷವನ್ನು ಮಾತ್ರ ನೋಡದೆ ಬಿಡಬೇಡಿ.